ನಾಲ್ಕು ಮನೆಯ ಪದ

ಬೆಂಗಳೂರಿನ ಪೂರ್ವಭಾಗದಲ್ಲಿರುವ ಹಲಸೂರು ಬಹು ಹಳೆಯ ಊರು. ಸೋಮೇಶ್ವರನ ಗುಡಿ, ಗುಡಿಯ ಸುತ್ತ ಇಕ್ಕಟ್ಟಾದ ಬೀದಿಗಳು, ಸ್ವಲ್ಪ ದೂರದಲ್ಲಿ ನಡುಗಡ್ಡೆಗಳಿರುವ ವಿಶಾಲವಾದ ಕೆರೆ, ಕೆರೆಗೆ ಹೊಂದಿಕೊಂಡಂತೆ ಸೈನ್ಯದ ನೆಲೆ. ಇವು ಆ ಊರಿನ ಗುರುತುಗಳು. ಅಲ್ಲಿನ ಬೀದಿಯೊಂದರಲ್ಲಿ ಹಳೆಯ ಮನೆಯೊಂದರ ಜಗಲಿಯನ್ನು ಕಲ್ಪಿಸಿಕೊಳ್ಳಿ. ಭಾನುವಾರದ ಬೆಳಗು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯ ಪದಬಂಧವನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ. ಅವನ ಪಕ್ಕದಲ್ಲಿ ಒಂದು ನೋಟ್ ಪುಸ್ತಕವಿದೆ. ಮೂರಕ್ಷರದ, ನಾಲ್ಕಕ್ಷರದ, ಐದಕ್ಷರದ ಇಂಗ್ಲಿಷ್ ಪದಗಳನ್ನು ಅವನು ಅದರಲ್ಲಿ ಬೇರೆ ಬೇರೆಯಾಗಿ ಪಟ್ಟಿಮಾಡಿ, ಎದುರಿಗೆ ಅರ್ಥವನ್ನು ಬರೆದುಕೊಂಡಿದ್ದಾನೆ. ದಿನಕ್ಕೆ ಹತ್ತು ಪದಗಳಂತೆ ಬಾಯಿಪಾಠವನ್ನೂ ಮಾಡಿದ್ದಾನೆ. ಅದೇ ಬೀದಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅವನ ಗೆಳೆಯ ಈ ಪದಬಂಧವನ್ನು ಕಾಫಿ ಆರುವುದರೊಳಗೆ ಮುಗಿಸುತ್ತಾನೆ. ತನಗೆ ಮಾತ್ರ ಅದು ಏಕೆ ಒಲಿಯದು ಎಂಬುದು ಈ ಹುಡುಗನ ಕೊರಗು.

ಇಂದು ಅವನು ಸಿಕ್ಕಿಬಿದ್ದಿರುವುದು ನಾಲ್ಕು ಮನೆಗಳ ಒಂದು ಪದದಲ್ಲಿ. ಎರಡನೆಯ ಮನೆಯಲ್ಲಿ ‘ಇ’, ಮೂರನೆಯ ಮನೆಯಲ್ಲಿ ‘ಎ’ ಬಂದು ಕುಳಿತಿವೆ. ಮೊದಲನೆಯದೂ ಕೊನೆಯದೂ ಖಾಲಿ. ಹುಡುಗ ತನ್ನ ಪಟ್ಟಿಯನ್ನು ತೆರೆದು ನೋಡುತ್ತಾನೆ. ಅಂಥ ಪದಗಳು ಸಾಲುಗಟ್ಟಿ ನಿಂತಿವೆ: ಬೀಟ್ ಎಂದರೆ ಹೊಡೆ, ಹೀಟ್ ಎಂದರೆ ಕಾವು, ಮೀಟ್ ಎಂದರೆ ಮಾಂಸ, ಸೀಟ್ ಎಂದರೆ ಆಸನ, ಲೀಫ್ ಎಂದರೆ ಎಲೆ, ಹೆಡ್ ಎಂದರೆ ತಲೆ, ಡೆಫ್ ಎಂದರೆ ಕಿವುಡು, ಬೇರ್ ಎಂದರೆ ಕರಡಿ. ಎಲ್ಲವೂ ನಾಲ್ಕು ಮನೆಯವು. ಎಲ್ಲದರ ನಡುವೆಯೂ ಅದೇ ‘ಇ’, ಅದೇ ‘ಎ’. ಯಾವುದನ್ನು ಆರಿಸುವುದು?

ಒಳಗಿನಿಂದ ಬಂದ ತಾತ ಜಗಲಿಯ ಅಂಚಿನಲ್ಲಿ ಕುಳಿತರು. ಅವರು ನಲವತ್ತು ವರ್ಷ ಬಡಗಿ ಕೆಲಸ ಮಾಡಿ ಕೈಬಿಟ್ಟವರು.

“ಏನಪ್ಪಾ, ಅಷ್ಟು ಹೊತ್ತಿನಿಂದ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದೀಯೆ?”

“ಒಂದು ಪದ ಸಿಗ್ತಾ ಇಲ್ಲ ತಾತ. ಯಾವುದೋ ಮರವಂತೆ. ಎಣ್ಣೆಯ ಅಂಶ ಇರೋದರಿಂದ ಗೆದ್ದಲು ಹತ್ತೋದಿಲ್ಲವಂತೆ. ಹಡಗಿಗೂ ಆಗುತ್ತೆ, ಬಾಗಿಲಿಗೂ ಆಗುತ್ತೆ ಅಂತ ಸುಳಿವು ಕೊಟ್ಟಿದ್ದಾರೆ.”

“ತೇಗ ಅಲ್ಲವೇನೋ ಮತ್ತೆ! ನೀನು ಒರಗಿಕೊಂಡಿದ್ದೀಯಲ್ಲ, ಆ ಬಾಗಿಲೇ ತೇಗದ್ದು. ನೋಡೋಕೆ ನಯ, ಆದರೆ ಕೆಲಸಕ್ಕೆ ಕೂತರೆ ಉಳಿಯ ಬಾಯಿ ಬೇಗ ಮೊಂಡಾಗುತ್ತೆ. ಮೂರು ಸಲ ಸಾಣೆ ಹಿಡಿದು ಅದರ ಚೌಕಟ್ಟು ಮಾಡಿದ್ದೇನೆ.”

“ಇಂಗ್ಲಿಷಿನಲ್ಲಿ ಬೇಕು ತಾತ.”

“ಮರದ ಡಿಪೋದಲ್ಲಿ ಟೀಕ್ ಅಂತಿದ್ದರು. ಅದನ್ನು ಹೇಗೆ ಬರೀತಾರೋ ನನಗೆ ಗೊತ್ತಿಲ್ಲ.”

ಹುಡುಗ ಪಟ್ಟಿಯನ್ನು ಮತ್ತೆ ನೋಡಿದ. ಆ ಪದ ಅಲ್ಲಿಯೇ ಇತ್ತು: ಟಿ, ಇ, ಎ, ಕೆ. ಎದುರಿಗೆ ಅವನೇ ದುಂಡಾಗಿ ಬರೆದುಕೊಂಡಿದ್ದ ಅರ್ಥ, ‘ಒಂದು ಬಗೆಯ ಮರ’.

ಪದವನ್ನು ಬಾಯಿಪಾಠ ಮಾಡಿದವನಿಗೆ ಅದು ದೊರೆಯಲಿಲ್ಲ. ಕಾಗುಣಿತವನ್ನೇ ಅರಿಯದವರಿಗೆ ದೊರೆಯಿತು. ಹುಡುಗನ ಬಳಿ ಅಕ್ಷರಗಳಿದ್ದುವು, ತಾತನ ಬಳಿ ವಸ್ತುವಿತ್ತು. ‘ಒಂದು ಬಗೆಯ ಮರ’ ಎಂಬುದು ಅರ್ಥದಂತೆ ಕಾಣುತ್ತದೆಯೇ ಹೊರತು ಅರ್ಥವಲ್ಲ. ಬೇವೂ ಒಂದು ಬಗೆಯ ಮರವೇ, ಹೊಂಗೆಯೂ ಒಂದು ಬಗೆಯ ಮರವೇ. ಇಷ್ಟು ಅಕ್ಷರಗಳ ಪದಗಳು, ಇಂಥ ಅಕ್ಷರವಿರುವ ಪದಗಳು ಎಂದು ಪಟ್ಟಿಮಾಡುವುದರಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಅದು ಊರಿನ ಮನೆಗಳನ್ನು ಎಣಿಸಿದಂತೆ. ಒಳಗಿರುವವರ ಪರಿಚಯ ಅದರಿಂದ ಆಗುವುದಿಲ್ಲ.

ಮೊದಲು ಅಕ್ಷರಗಳ ವಿಚಾರವನ್ನೇ ನೋಡಬಹುದು. ಪದಬಂಧವೆಂಬ ಆಟ ಬಹಳ ಹಳೆಯದಲ್ಲ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ‘ನ್ಯೂಯಾರ್ಕ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಆಟವೇ ಇಂದಿನ ಪದಬಂಧದ ಮೊದಲ ರೂಪವೆಂದು ಎಣಿಸಲಾಗಿದೆ. ಅಲ್ಲಿಂದ ಅದು ಲೋಕವನ್ನೆಲ್ಲ ಸುತ್ತಿ ಕನ್ನಡ ಪತ್ರಿಕೆಗಳಿಗೂ ಬಂದಿತು. ಬರುವಾಗ ಅದರ ಲೆಕ್ಕ ಬದಲಾಯಿತು. ಇಂಗ್ಲಿಷ್ ಪದಬಂಧದಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಅದಕ್ಕೆ ಗುಣಿತ ಸೇರಿರಲಿ, ಒತ್ತು ಸೇರಿರಲಿ, ಮನೆ ಒಂದೇ. ‘ಸ್ತ್ರೀ’ ಎಂಬಲ್ಲಿ ಸ್, ತ್, ರ್, ಈ ಎಂಬ ನಾಲ್ಕು ವರ್ಣಗಳಿದ್ದರೂ ಅದು ಒಂದೇ ಮನೆಯಲ್ಲಿ ಅಡಕವಾಗುತ್ತದೆ. ‘ತೇಗ’ಕ್ಕೆ ಕನ್ನಡದಲ್ಲಿ ಎರಡೇ ಮನೆ. ಆದರೆ ಅದನ್ನು ಬಿಡಿಸಿದರೆ ತ್, ಏ, ಗ್, ಅ ಎಂದು ನಾಲ್ಕು ವರ್ಣಗಳಾಗುತ್ತವೆ. ನಾಲ್ಕಕ್ಕೂ ಬೇರೆ ಬೇರೆ ಧ್ವನಿಯುಂಟು. ಇಂಗ್ಲಿಷಿನ ‘ಟೀಕ್’ಗೆ ಬರೆಯುವುದು ನಾಲ್ಕು ಅಕ್ಷರ, ನುಡಿಯುವುದು ಟ್, ಈ, ಕ್ ಎಂಬ ಮೂರು ಧ್ವನಿ ಮಾತ್ರ.

ನಡುವಿನ ‘ಇ’, ‘ಎ’ಗಳ ಜೋಡಿಯಾದರೂ ಎಲ್ಲೆಡೆಯೂ ಒಂದೇ ರೀತಿಯಲ್ಲಿ ನುಡಿಯುತ್ತದೆಯೇ ಎಂದರೆ, ಅದೂ ಇಲ್ಲ. ‘ಸೀಟ್’ ಎಂಬಲ್ಲಿ ಅದು ‘ಈ’ಕಾರ, ‘ಹೆಡ್’ ಎಂಬಲ್ಲಿ ‘ಎ’ಕಾರ, ‘ಬೇರ್’ ಎಂಬಲ್ಲಿ ‘ಏ’ಕಾರ. ಎಲ್, ಇ, ಎ, ಡಿ ಎಂದು ಬರೆದುದನ್ನು ‘ಲೀಡ್’ ಎಂದು ಓದಿದರೆ ಮುನ್ನಡೆಸುವುದು ಎಂದರ್ಥ. ‘ಲೆಡ್’ ಎಂದು ಓದಿದರೆ ಸೀಸವೆಂಬ ಲೋಹ. ಟಿ, ಇ, ಎ, ಆರ್ ಎಂದು ಬರೆದುದು ‘ಟಿಯರ್’ ಆದರೆ ಕಣ್ಣೀರು, ‘ಟೇರ್’ ಆದರೆ ಹರಿಯುವುದು. ಬರಹವನ್ನು ನೋಡಿ ಇದನ್ನು ನಿರ್ಧರಿಸಲಾಗದು. ವಾಕ್ಯವನ್ನು ನೋಡಿಯೇ ತಿಳಿಯಬೇಕು.

ಈ ಗೊಂದಲಕ್ಕೂ ಒಂದು ಕಾರಣವುಂಟು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಎಂಬಾತ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟವನ್ನು ತೆರೆದನು. ಆ ಬಳಿಕ ಪುಸ್ತಕಗಳು ಹೆಚ್ಚಿದಂತೆ ಪದಗಳ ಬರಹ ಕ್ರಮೇಣ ನೆಲೆಗೊಂಡಿತು. ಆದರೆ ಅದೇ ಶತಮಾನಗಳಲ್ಲಿ ಜನರ ಬಾಯಿಯಲ್ಲಿ ದೀರ್ಘಸ್ವರಗಳ ಉಚ್ಚಾರಣೆ ಬಹಳವಾಗಿ ಬದಲಾಯಿತು. ನಾಲಗೆ ಮುಂದೆ ನಡೆಯಿತು. ಬರಹ ಹಿಂದೆಯೇ ನಿಂತಿತು. ಹೀಗೆ ಇಂಗ್ಲಿಷಿನ ಕಾಗುಣಿತ ಇಂದಿನ ಮಾತಿನ ಚಿತ್ರವಾಗಿರುವುದಕ್ಕಿಂತ ಹೆಚ್ಚಾಗಿ ಹಿಂದಿನ ಮಾತಿನ ದಾಖಲೆಯಾಗಿದೆ. ಇದನ್ನು ತಿಳಿದ ವಿದ್ಯಾರ್ಥಿ ತನ್ನ ದಡ್ಡತನದಿಂದಲೇ ಕಾಗುಣಿತ ತಪ್ಪುತ್ತಿದೆಯೆಂದು ಕುಗ್ಗಬೇಕಾಗಿಲ್ಲ. ಅದು ಇಂಗ್ಲೆಂಡಿನ ಮಕ್ಕಳಿಗೂ ತೊಡಕಾದುದೇ.

ಇನ್ನು ಆ ನಾಲ್ಕು ಮನೆಯೊಳಗೆ ಇರುವವರು ಯಾರು? ‘ಟೀಕ್’ ಎಂಬುದು ಇಂಗ್ಲೆಂಡಿನಲ್ಲಿ ಹುಟ್ಟಿದ ಪದವಲ್ಲ. ತೇಗ ಅಲ್ಲಿ ಬೆಳೆಯುವ ಮರವೂ ಅಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಕಡೆಗೆ ಬಂದ ಬಳಿಕ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿದರು. ಮಲಯಾಳಿಗರು ‘ತೇಕ್ಕ್’ ಎನ್ನುತ್ತಿದ್ದ ಮರವನ್ನು ಅವರು ‘ತೆಕಾ’ ಎಂದರು. ಅವರ ಬಾಯಿಂದ ಅದು ಇಂಗ್ಲಿಷರಿಗೆ ದಾಟಿ ‘ಟೀಕ್’ ಆಯಿತು. ಕನ್ನಡದ ‘ತೇಗ’, ತಮಿಳಿನ ‘ತೇಕ್ಕು’, ತೆಲುಗಿನ ‘ತೇಕು’ ಎಲ್ಲವೂ ಒಂದೇ ಬಳ್ಳಿಯ ಕುಡಿಗಳು. ಪದ ಹೊರಟ ದಾರಿಯಲ್ಲಿಯೇ ಮರವೂ ಹೊರಟಿತು. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲೀ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಇಂದಿಗೂ ನೀರಿನ ಮೇಲೆ ನಿಂತಿದೆ. ತಾತನ ಉಳಿಯನ್ನು ಮೊಂಡುಮಾಡಿದ ಮರ ಇನ್ನೂರು ವರ್ಷಗಳ ಉಪ್ಪುನೀರಿಗೂ ಬಗ್ಗಿಲ್ಲ.

ಇಂಥ ಪ್ರಯಾಣ ಮಾಡಿದ ಪದ ಅದೊಂದೇ ಅಲ್ಲ. ಹಲಸೂರಿನಿಂದ ಪಡುವಣಕ್ಕೆ ನಡೆದರೆ ಶಿವಾಜಿನಗರ ಸಿಗುತ್ತದೆ. ಅಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಿದೆ. ಅದರ ಸುತ್ತಮುತ್ತ ನಡೆಯುವವನ ಕಿವಿಗೆ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮಾರುಕಟ್ಟೆಗಳಲ್ಲಿ ಕಾಣುವ ಸರಕುಗಳಲ್ಲಿ ಇಂಗ್ಲಿಷಿನ ಐದು ಮನೆಯ ಕೆಲವು ಪದಗಳು ಅಡಗಿವೆ. ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ’. ಅದು ಮಲಯಾಳದ ‘ಅಡಕ್ಕ’ದಿಂದ ಪೋರ್ಚುಗೀಸರ ಮೂಲಕ ಹೋದುದು. ಕೊಬ್ಬರಿಗೆ ‘ಕೋಪ್ರ’, ಅದು ‘ಕೊಪ್ಪರ’ದಿಂದ ಬಂದುದು. ವೀಳ್ಯದೆಲೆಗೆ ‘ಬೀಟಲ್’, ಅದರ ಮೂಲ ‘ವೆಟ್ಟಿಲ’. ‘ಇಲ’ ಎಂದರೆ ಎಲೆ. ಆದುದರಿಂದ ‘ಬೀಟಲ್’ ಎಂಬ ಪದದ ಕೊನೆಯ ‘ಲ್’ ನಮ್ಮ ‘ಎಲೆ’ಯ ನಂಟನೇ. ‘ಮ್ಯಾಂಗೋ’ ಎಂಬುದು ‘ಮಾಂಗಾ’. ‘ಮಾ’ ಎಂದರೆ ಮಾವು, ಉಳಿದ ಭಾಗ ‘ಕಾಯಿ’. ರಸ ತುಂಬಿದ ಹಣ್ಣನ್ನು ಬಾಯಿಗಿಟ್ಟುಕೊಂಡೂ ಇಂಗ್ಲಿಷಿನವನು ಅದನ್ನು ‘ಮಾವಿನಕಾಯಿ’ ಎಂದೇ ಕರೆಯುತ್ತಾನೆ!

ಹಲಸಿನ ಕಥೆ ಇನ್ನೂ ಸ್ವಾರಸ್ಯವಾದುದು. ಮಲಯಾಳದ ‘ಚಕ್ಕ’ ಪೋರ್ಚುಗೀಸರಲ್ಲಿ ‘ಜಾಕಾ’ ಆಗಿ, ಇಂಗ್ಲಿಷಿನಲ್ಲಿ ‘ಜ್ಯಾಕ್’ ಎಂಬ ನಾಲ್ಕು ಮನೆಯ ಪದವಾಯಿತು. ಕನ್ನಡದ ‘ಹಲಸು’ ಬೇರೆ ದಾರಿಯಲ್ಲಿ ನಡೆಯಿತು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ‘ಪುಲಿ’ ‘ಹುಲಿ’ಯಾದಂತೆ, ‘ಪಲಸು’ ‘ಹಲಸು’ ಆಯಿತು. ಹಲಸಿನ ಮರಗಳಿದ್ದ ಊರು ಹಲಸೂರಾಯಿತೆಂದು ಹೇಳುತ್ತಾರೆ. ಇಂಗ್ಲಿಷರ ಬಾಯಿಯಲ್ಲಿ ‘ಹ’ಕಾರವೂ ಉಳಿಯದೆ ಅದು ‘ಅಲ್ಸೂರ್’ ಆಯಿತು. ‘ಅಲ್ಸೂರ್’ ಎಂಬ ಹೆಸರನ್ನು ಕೇಳಿದವನಿಗೆ ಹಲಸಿನ ವಾಸನೆ ಬರುವುದಿಲ್ಲ. ಹಣ್ಣಿಗೆ ‘ಜ್ಯಾಕ್’ ಎಂದವರೇ ಊರಿಗೆ ‘ಅಲ್ಸೂರ್’ ಎಂದರು. ಎರಡರ ನಡುವೆ ಸಂಬಂಧವಿದೆಯೆಂಬುದು ಆ ಹೆಸರುಗಳಲ್ಲಿ ಕಾಣದೆ ಹೋಯಿತು.

ಇಷ್ಟು ಭಾಷೆಗಳು ಈ ಭಾಗದಲ್ಲಿ ಒಂದೆಡೆ ಸೇರಿದುದಕ್ಕೂ ಚರಿತ್ರೆಯಲ್ಲಿ ಕಾರಣವಿದೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಕಡೆಯ ಬಯಲಿನಲ್ಲಿ ಬೀಡುಬಿಟ್ಟಿತು. ಕನ್ನಡಿಗರು ಅದನ್ನು ‘ದಂಡು’ ಎಂದರು. ಇಂಗ್ಲಿಷರು ‘ಕಂಟೋನ್ಮೆಂಟ್’ ಎಂದರು. ದಂಡಿನ ಜೊತೆಗೆ ಮದರಾಸಿನ ಕಡೆಯಿಂದ ಸಿಪಾಯಿಗಳು, ಗುತ್ತಿಗೆದಾರರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು. 1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಹೊರಟಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದುದು 1947ರಲ್ಲಿ. 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುವು. ಸುಮಾರು ನೂರನಲವತ್ತು ವರ್ಷಗಳ ಕಾಲ ಬೇರೆ ಬೇರೆ ನಾಲಗೆಗಳು ಒಂದೇ ಊರಿನ ಹೆಸರುಗಳನ್ನು ತಮತಮಗೆ ತೋಚಿದಂತೆ ನುಡಿದುವು.

ಹೆಸರಿನ ಜೊತೆಗೆ ತಿಳಿವಳಿಕೆಯೂ ಕೆಲವೊಮ್ಮೆ ಜಾರಿಹೋಗುತ್ತದೆ. ಇದಕ್ಕೆ ಹಲಸೂರು ಕೆರೆಯೇ ಸಾಕ್ಷಿ. ಇಂಗ್ಲಿಷಿನವರು ಕೆರೆಯನ್ನು ‘ಟ್ಯಾಂಕ್’ ಎಂದರು, ಏರಿಯನ್ನು ‘ಬಂಡ್’ ಎಂದರು. ಎರಡೂ ನಾಲ್ಕು ಮನೆಯ ಪದಗಳು. ‘ಬಂಡ್’ ಎಂಬುದು ಕಟ್ಟು ಎಂಬ ಅರ್ಥದ ಪಾರಸಿ ಪದದಿಂದ ಬಂದುದು. ‘ಟ್ಯಾಂಕ್’ ಎಂಬುದಕ್ಕೆ ಗುಜರಾತಿ, ಪೋರ್ಚುಗೀಸ್ ಎರಡು ಭಾಷೆಗಳ ಪದಗಳನ್ನೂ ವಿದ್ವಾಂಸರು ಮೂಲವಾಗಿ ತೋರಿಸುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉಕ್ಕಿನ ಹೊದಿಕೆಯ ಹೊಸ ರಣವಾಹನವೊಂದನ್ನು ಗುಟ್ಟಾಗಿ ತಯಾರಿಸಿದರು. ಗುಟ್ಟು ಹೊರಬೀಳದಿರಲೆಂದು ಅದನ್ನು ನೀರಿನ ತೊಟ್ಟಿಯೆಂಬಂತೆ ‘ಟ್ಯಾಂಕ್’ ಎಂದು ಕರೆದರು. 1916ರಲ್ಲಿ ಅದು ರಣರಂಗಕ್ಕೆ ಇಳಿಯಿತು. ಹೆಸರು ಹಾಗೆಯೇ ನಿಂತಿತು. ಹೀಗೆ ಮನೆಯ ಮೇಲಿನ ನೀರಿನ ತೊಟ್ಟಿಯೂ ಟ್ಯಾಂಕ್, ಯುದ್ಧದ ರಥವೂ ಟ್ಯಾಂಕ್, ಕೆರೆಯೂ ಟ್ಯಾಂಕ್.

ಕೆರೆ ಬರಿಯ ನೀರಿನ ತೊಟ್ಟಿಯಲ್ಲ. ನೀರನ್ನು ತಡೆಯಲು ಅದಕ್ಕೆ ಏರಿಯುಂಟು. ಬೇಕಾದಾಗ ನೀರು ಬಿಡಲು ತೂಬುಂಟು. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹರಿದುಹೋಗಲು ಕೋಡಿಯುಂಟು. ಆ ನೀರು ಮುಂದಿನ ಕೆರೆಗೆ ಹೋಗಲು ಕಾಲುವೆಯುಂಟು. ಕೆಳಗೆ ಪೈರು ಬೆಳೆಯುವ ಅಚ್ಚುಕಟ್ಟುಂಟು. ಈ ಪದಗಳು ಬಳಕೆಯಲ್ಲಿರುವವರೆಗೆ ಯಾವ ನೆಲವನ್ನು ನೀರಿಗೆ ಬಿಡಬೇಕೆಂಬುದು ಮಾತಿನಲ್ಲಿಯೇ ನೆನಪಿರುತ್ತದೆ. ‘ಕೋಡಿ’ ಎಂಬ ಮಾತನ್ನೇ ಕೇಳದವನಿಗೆ ಆ ಜಾಗ ಕಟ್ಟಡಕ್ಕೆ ಯೋಗ್ಯವಾದ ಖಾಲಿ ನಿವೇಶನವಾಗಿ ಕಾಣಬಹುದು. ಮಳೆ ಸುರಿದಾಗ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ. ನಗರದ ಪೂರ್ವಭಾಗದ ತಗ್ಗು ಪ್ರದೇಶಗಳ ಜನರಿಗೆ ಇದು ಅನುಭವದ ಮಾತು. ಒಂದು ಪದ ಹೋದರೆ ಶಬ್ದಕೋಶದಲ್ಲಿ ಒಂದು ಸಾಲು ಮಾತ್ರ ಹೋಯಿತೆಂದು ತಿಳಿಯುವುದು ತಪ್ಪು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಪದಗಳು ಇಂಗ್ಲಿಷಿಗೆ ಹೋಗಿವೆಯೆಂದು ತಿಳಿದೊಡನೆ ಎಲ್ಲ ಪದಗಳೂ ನಮ್ಮಿಂದಲೇ ಹೋದುವೆಂದು ಬೀಗುವ ಆಸೆ ಹುಟ್ಟುತ್ತದೆ. ಕೀಳರಿಮೆ ಹೇಗೆ ಕಣ್ಣನ್ನು ಮುಚ್ಚುತ್ತದೆಯೋ ಹಾಗೆಯೇ ಹುಸಿ ಹೆಮ್ಮೆಯೂ ಮುಚ್ಚುತ್ತದೆ. ‘ಕ್ಯಾಷ್’ ಎಂಬ ನಾಲ್ಕು ಮನೆಯ ಪದವನ್ನು ತೆಗೆದುಕೊಳ್ಳಿ. ಅದು ನಮ್ಮ ‘ಕಾಸು’ ಎಂದು ಯಾರಾದರೂ ಹೇಳಿದರೆ ನಿಜವೆನಿಸುತ್ತದೆ. ಅದಕ್ಕೆ ಆಧಾರವೂ ಉಂಟು: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂದೂ ಅಚ್ಚಾಗಿದೆ. ಆ ‘ಕ್ಯಾಷ್’ ದಕ್ಷಿಣ ಭಾರತದ ‘ಕಾಸು’ ಎಂಬ ಪದದಿಂದ ಪೋರ್ಚುಗೀಸರ ಮೂಲಕ ಹೋದುದೇ ಸರಿ. ಆದರೆ ಅಂಗಡಿಯಲ್ಲಿ ‘ಕ್ಯಾಷ್ ಕೊಡಿ’ ಎನ್ನುವಾಗಿನ ‘ಕ್ಯಾಷ್’ ಬೇರೆ. ಅದು ಹಣದ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಮತ್ತು ಇಟಾಲಿಯನ್ ಪದಗಳಿಂದ ಬಂದುದು. ಬರಹ ಒಂದೇ, ಧ್ವನಿ ಒಂದೇ, ಅರ್ಥವೂ ನೆರೆಹೊರೆಯದೇ. ಆದರೂ ಹುಟ್ಟು ಬೇರೆ. ಹಾಗೆಯೇ, ಕಾರಿನ ಗಾಲಿ ಬಿಚ್ಚುವಾಗ ಅದನ್ನು ಮೇಲೆತ್ತುವ ‘ಜ್ಯಾಕ್’ಗೂ ಹಲಸಿನ ‘ಜ್ಯಾಕ್’ಗೂ ಯಾವ ಸಂಬಂಧವೂ ಇಲ್ಲ. ಆ ಸಾಧನಕ್ಕೆ ಬಂದಿರುವುದು ‘ಜ್ಯಾಕ್’ ಎಂಬ ಮನುಷ್ಯರ ಹೆಸರು.

ಶಿವಾಜಿನಗರದ ಹಳೆಯ ಹೆಸರಾದ ‘ಬ್ಲ್ಯಾಕ್‌ಪಲ್ಲಿ’ಯ ವಿಷಯವೂ ಇಂಥದೇ. ‘ಬಿಳಿ ಅಕ್ಕಿ ಹಳ್ಳಿ’ ಎಂಬುದನ್ನು ಇಂಗ್ಲಿಷರು ತಪ್ಪಾಗಿ ಕೇಳಿ ‘ಬ್ಲ್ಯಾಕ್‌ಪಲ್ಲಿ’ ಎಂದರೆಂದು ಕೆಲವರು ಹೇಳುತ್ತಾರೆ. ಬಿಳಿಯದು ಕಪ್ಪಾದ ಈ ಕಥೆ ಸೊಗಸಾಗಿದೆ. ಆದರೆ ದಂಡಿನ ವಿನ್ಯಾಸ ಮಾಡಿದ ಜಾನ್ ಬ್ಲ್ಯಾಕಿಸ್ಟನ್ ಎಂಬ ಅಧಿಕಾರಿಯ ಹೆಸರಿನಿಂದ ಅದು ಬಂದಿತೆಂದು ಹೇಳುವವರೂ ಇದ್ದಾರೆ. ಕಥೆ ಸೊಗಸಾಗಿದೆಯೆಂಬ ಕಾರಣದಿಂದಲೇ ಅದು ನಿಜವಾಗುವುದಿಲ್ಲ. ಪದದ ಮೂಲವನ್ನು ಹೇಳುವವನು ಹಳೆಯ ಬರಹಗಳನ್ನು ನೋಡಬೇಕು, ನೆರೆಯ ಭಾಷೆಗಳ ರೂಪಗಳನ್ನು ಹೋಲಿಸಬೇಕು, ಆಧಾರ ಸಾಲದಿದ್ದರೆ ಸಾಲದೆಂದು ಒಪ್ಪಿಕೊಳ್ಳಬೇಕು.

ಇಂಥ ತಾಳ್ಮೆಯ ಕೆಲಸವನ್ನು ಬಾಳೆಲ್ಲ ಮಾಡಿದವರು ನಿಘಂಟುಕಾರರು. ವಿಲಿಯಂ ರೀವ್ ಎಂಬ ಪಾದ್ರಿಯ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದುವು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚುಹಾಕಿಸಿದನು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂದಿತು. ಸುಮಾರು 70,000 ಪದಗಳಿರುವ ಆ ಗ್ರಂಥದಲ್ಲಿ ಅನೇಕ ಪದಗಳಿಗೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ರೂಪಗಳನ್ನೂ ಕೊಟ್ಟಿದೆ. ಬೆಂಗಳೂರಿನ ಮೇಯೋ ಹಾಲ್ ಬಳಿ ಕಿಟ್ಟೆಲರ ಪ್ರತಿಮೆಯಿದೆ. ದಂಡಿನ ಭಾಗದ ಆಸ್ಟಿನ್ ಟೌನ್ ಬಡಾವಣೆಗೆ ಅವರ ಹೆಸರನ್ನೇ ಇಟ್ಟಿದೆ. ಇಂಗ್ಲಿಷಿಗೆ ಹೋದ ಭಾರತೀಯ ಪದಗಳನ್ನು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಸಂಗ್ರಹಿಸಿದರು. ಅದು 1886ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಬರ್ನೆಲ್ ತೀರಿಹೋಗಿದ್ದರು. ನಮ್ಮ ಕಾಲದಲ್ಲಿ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಎಂಬ ತಮ್ಮ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. 1913ರಲ್ಲಿ ಜನಿಸಿದ ಅವರು ಶತಮಾನವನ್ನು ದಾಟಿ ಬದುಕಿ 2021ರಲ್ಲಿ ನಿಧನರಾದರು. ಅವರ ಮುಂದೆ ಪ್ರಶ್ನೆಯಿಟ್ಟವರಲ್ಲಿ ಬಹುಮಂದಿ ಪಂಡಿತರಲ್ಲ. ಒಂದು ಪದದ ಮುಂದೆ ನಿಂತು ‘ಇದು ಎಲ್ಲಿಂದ ಬಂತು?’ ಎಂದು ಕೇಳುವ ಕುತೂಹಲವಿದ್ದ ಸಾಮಾನ್ಯರು.

ಕಳೆದುಹೋದ ಹೆಸರುಗಳು ಕೆಲವೊಮ್ಮೆ ಮರಳಿಯೂ ಬರುತ್ತವೆ. 2011ರಲ್ಲಿ ಬೆಂಗಳೂರಿನ ಮೆಟ್ರೋ ರೈಲಿನ ಮೊದಲ ಮಾರ್ಗ ತೆರೆದಾಗ ಇಂದಿರಾನಗರದ ಮುಂದಿನ ನಿಲ್ದಾಣಕ್ಕೆ ‘ಹಲಸೂರು’ ಎಂಬ ಹೆಸರೇ ಬಂದಿತು. 2014ರ ನವೆಂಬರ್ 1ರಿಂದ ನಗರದ ಹೆಸರೂ ಇಂಗ್ಲಿಷ್ ಬರಹದಲ್ಲಿ ‘ಬೆಂಗಳೂರು’ ಆಯಿತು. 2023ರಲ್ಲಿ ಆ ರೈಲುಮಾರ್ಗ ಕೃಷ್ಣರಾಜಪುರವನ್ನು ದಾಟಿ ಮುಂದೆ ಹೋಯಿತು. ಪ್ರತಿದಿನ ಸಾವಿರಾರು ಜನ ಆ ನಿಲ್ದಾಣದ ಹೆಸರನ್ನು ಕೇಳುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಹಲಸಿನ ಮರ ನೆನಪಾದರೆ ಹೆಸರು ಮರಳಿ ಬಂದುದು ಸಾರ್ಥಕ.

ಹಲಸೂರಿನ ಜಗಲಿಯ ಮೇಲಿನ ಹುಡುಗ ಅಂದು ಖಾಲಿಯಿದ್ದ ಎರಡು ಮನೆಗಳಲ್ಲಿ ‘ಟಿ’ಯನ್ನೂ ‘ಕೆ’ಯನ್ನೂ ತುಂಬಿದ. ಪದಬಂಧದಲ್ಲಿ ಇನ್ನೂ ಹಲವು ಮನೆಗಳು ಖಾಲಿಯಿದ್ದುವು. ಅವನು ಪೆನ್ಸಿಲನ್ನು ಕೆಳಗಿಟ್ಟು ನೋಟ್ ಪುಸ್ತಕವನ್ನು ತೆಗೆದುಕೊಂಡ. ‘ಒಂದು ಬಗೆಯ ಮರ’ ಎಂಬ ಮಾತುಗಳ ಮೇಲೆ ಗೆರೆಯೆಳೆದು, ಪಕ್ಕದಲ್ಲಿ ‘ತೇಗ, ನಮ್ಮ ಬಾಗಿಲು’ ಎಂದು ಬರೆದ. ಬಳಿಕ ತಾತನ ಕಡೆಗೆ ತಿರುಗಿ ಕೇಳಿದ:

“ತಾತ, ಮರದ ಡಿಪೋದಲ್ಲಿ ಇನ್ನೂ ಯಾವ ಯಾವ ಮರ ಇರುತ್ತಿದ್ದುವು?”

ತಾತ ಕಾಲು ನೀಡಿ ಕುಳಿತರು. “ಹಲಸಿನಿಂದ ಶುರು ಮಾಡಲೇನು?” ಎಂದರು.

ಅಭ್ಯಾಸ

ಅ) ಪದಗಳ ಅರ್ಥ
ಜಗಲಿ: ಮನೆಯ ಮುಂದಿನ ಕಟ್ಟೆ
ಸಾಣೆ: ಆಯುಧವನ್ನು ಹರಿತಗೊಳಿಸುವ ಕಲ್ಲು
ತೂಬು: ಕೆರೆಯ ನೀರನ್ನು ಹೊರಬಿಡುವ ಕಂಡಿ
ಕೋಡಿ: ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಸ್ಥಳ
ಅಚ್ಚುಕಟ್ಟು: ಕೆರೆಯ ನೀರಿನಿಂದ ಬೇಸಾಯವಾಗುವ ಭೂಮಿ

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಬ್ರಿಟಿಷ್ ಸೈನ್ಯ ಬೆಂಗಳೂರಿಗೆ ಬಂದು ನೆಲೆಸಿದುದು ಯಾವಾಗ?
2. ‘ಬೀಟಲ್’ ಎಂಬ ಪದದ ಮೂಲ ಯಾವುದು?
3. ಕಿಟ್ಟೆಲರ ನಿಘಂಟು ಎಲ್ಲಿ, ಯಾವ ವರ್ಷ ಪ್ರಕಟವಾಯಿತು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಪದಬಂಧದ ಮನೆಗಳ ಲೆಕ್ಕ ಇಂಗ್ಲಿಷಿಗೂ ಕನ್ನಡಕ್ಕೂ ಹೇಗೆ ಬೇರೆಯಾಗಿದೆ?
2. ‘ಕೆರೆ’ ಎಂಬುದಕ್ಕೆ ‘ಟ್ಯಾಂಕ್’ ಎಂಬುದು ಸರಿಸಾಟಿಯಾಗಲಾರದು ಏಕೆ?
3. ‘ಕ್ಯಾಷ್’ ಎಂಬ ಪದದಿಂದ ಕಲಿಯಬೇಕಾದ ಎಚ್ಚರಿಕೆ ಯಾವುದು?

ಈ) ಸಂದರ್ಭ ತಿಳಿಸಿ ವಿವರಿಸಿ.
1. “ಅದನ್ನು ಹೇಗೆ ಬರೀತಾರೋ ನನಗೆ ಗೊತ್ತಿಲ್ಲ.”
2. “ನಾಲಗೆ ಮುಂದೆ ನಡೆಯಿತು, ಬರಹ ಹಿಂದೆಯೇ ನಿಂತಿತು.”

ಉ) ಭಾಷಾಭ್ಯಾಸ
1. ‘ಪ’ಕಾರವು ‘ಹ’ಕಾರವಾದ ಐದು ಪದಗಳನ್ನು ಬರೆಯಿರಿ.
2. ಹಲಸು, ಅಡಿಕೆ, ಕೊಬ್ಬರಿ ಎಂಬ ಪದಗಳನ್ನು ವರ್ಣಗಳಾಗಿ ಬಿಡಿಸಿ ಬರೆಯಿರಿ.
3. ನಿಮ್ಮ ಊರಿನ ಅಥವಾ ಬೀದಿಯ ಹೆಸರಿನ ಮೂಲವನ್ನು ಹಿರಿಯರಿಂದ ಕೇಳಿ ಬರೆಯಿರಿ. ಅದಕ್ಕೆ ಆಧಾರವೇನೆಂಬುದನ್ನೂ ತಿಳಿಸಿರಿ.